ಸುಟ್ಟದ್ದೋ ಹರಿದದ್ದೋ: ಕಲಬುರಗಿ ಬಿಸಿಲಿನಲ್ಲಿ ಹಳೆಯ ಹೈ-ಫೈ ಸ್ಪೀಕರ್ ರಿಪೇರಿಯ ಸಮಗ್ರ ಮಾರ್ಗದರ್ಶಿ

ಕಲಬುರಗಿ ಕಡೆ ಕೆಟ್ಟ ಸ್ಪೀಕರ್‌ಗೆಲ್ಲ ಒಂದೇ ಮಾತು: "ಸುಟ್ಟದ". ಬಿಚ್ಚಿ ನೋಡಿದರೆ ಎಷ್ಟೋ ಸಲ ಏನೂ ಸುಟ್ಟಿರುವುದಿಲ್ಲ. ಕೋನ್‌ನ (ಗಾಳಿ ತಳ್ಳುವ ಬಟ್ಟಲಿನಂಥ ಭಾಗದ) ಅಂಚಿನ ಫೋಮ್ ಪುಡಿಯಾಗಿರುತ್ತದೆ, ಇಲ್ಲವೇ ಕೋನ್‌ಗೆ ಹೋಗುವ ಹೆಣಿಗೆ ತಂತಿ ತುಂಡಾಗಿರುತ್ತದೆ, ಇಲ್ಲವೇ ಕ್ರಾಸೋವರ್‌ನ (ಮೇಲಿನ, ಕೆಳಗಿನ ಸ್ವರಗಳನ್ನು ಬೇರ್ಪಡಿಸುವ ಸರ್ಕ್ಯೂಟ್‌ನ) ಕೆಪಾಸಿಟರ್ ಒಣಗಿರುತ್ತದೆ. ಇವು ಮೂರೂ ಮನೆಯಲ್ಲೇ ಸರಿಹೋಗುವ ಕೆಲಸ. ನಿಜವಾಗಿ ಕಾಯಿಲ್ (ಕೋನ್‌ನ ಬುಡದಲ್ಲಿ, ಮ್ಯಾಗ್ನೆಟ್‌ನ ಸಂದಿನಲ್ಲಿ ಆಡುವ ತಂತಿ ಸುರುಳಿ) ಸುಟ್ಟಿದ್ದರೆ ಅದನ್ನು ಸುಟ್ಟವರು ಬೇರೆ: ಆಂಪ್ಲಿಫೈಯರ್. ಅದನ್ನು ನೋಡದೆ ಹೊಸ ಕಾಯಿಲ್ ಹಾಕಿದರೆ ಸ್ವಿಚ್ ಒತ್ತಿದ ಗಳಿಗೆಯಲ್ಲೇ ಅದೂ ಹೋಗುತ್ತದೆ. ಆದ್ದರಿಂದ ಸ್ಕ್ರೂಡ್ರೈವರ್‌ಗಿಂತ ಮೊದಲು ಕೈಗೆ ಬರಬೇಕಾದದ್ದು ಮಲ್ಟಿಮೀಟರ್.

ಮೊದಲು ಆಂಪ್ಲಿಫೈಯರ್

ಸ್ಪೀಕರ್ ವೈರ್ ಎರಡೂ ಕಡೆ ಬಿಚ್ಚಿ, ವಾಲ್ಯೂಮ್ ಸೊನ್ನೆಗೆ ತಂದು ಆಂಪ್ ಹಚ್ಚಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಎಡ-ಬಲ ಔಟ್‌ಪುಟ್ ಎರಡನ್ನೂ ಅಳೆಯಿರಿ. 50 ಮಿಲಿವೋಲ್ಟ್‌ಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. 100 ದಾಟಿದರೆ ಆಂಪ್ ನೋಡಿಸಿಕೊಳ್ಳಬೇಕು. ವೋಲ್ಟ್‌ಗಟ್ಟಲೆ ತೋರಿಸಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ ಎಂದೇ ತಿಳಿಯಿರಿ, ಅದಕ್ಕೆ ಯಾವ ಸ್ಪೀಕರನ್ನೂ ತಗುಲಿಸಬೇಡಿ. ಒಳಗೆ 35 ವೋಲ್ಟ್ ಸಪ್ಲೈ ಇರುವ ಆಂಪ್ ತನ್ನ ಡಿಸಿಯನ್ನು ನೇರ 6 ಓಮ್ ಕಾಯಿಲ್‌ಗೆ ಬಿಟ್ಟರೆ ಸುಮಾರು 200 ವ್ಯಾಟ್ ಬರೀ ಶಾಖವಾಗುತ್ತದೆ. ಕೋನ್ ಒಂದೇ ಕಡೆ ದಬ್ಬಿ ನಿಂತುಬಿಡುವುದರಿಂದ ಗಾಳಿ ಆಡುವುದಿಲ್ಲ, ಕೆಲವು ಕ್ಷಣದಲ್ಲಿ ಹೊಗೆ ಬರುತ್ತದೆ.

ಕಾಯಿಲ್ ಸುಡುವ ಇನ್ನೊಂದು ದಾರಿ ಕ್ಲಿಪಿಂಗ್. "ನನ್ನದು 100 ವ್ಯಾಟ್ ಸ್ಪೀಕರ್ ಡಬ್ಬಿ, ಆಂಪ್ ಬರೀ 30, ಅದು ಹೇಗೆ ಸುಟ್ಟಿತು?" ಎಂದು ಕೇಳುವವರು ಬಹಳ. ಆಂಪ್ ತನ್ನ ಮಿತಿ ದಾಟಿದಾಗ ಅಲೆಯ ತಲೆ ಬೋಳಾಗುತ್ತದೆ. ಆಗ ಸರಾಸರಿ ಶಕ್ತಿ ಏರುತ್ತದೆ, ಮೇಲಿನ ಸ್ವರಗಳಲ್ಲಿ ಇರಬಾರದ ಶಕ್ತಿಯೂ ಹುಟ್ಟುತ್ತದೆ. ಅದೆಲ್ಲ ಹೋಗುವುದು ಟ್ವೀಟರ್‌ಗೆ, ಅಂದರೆ ಮೇಲಿನ ಸ್ವರ ನುಡಿಸುವ ಸಣ್ಣ ಸ್ಪೀಕರ್‌ಗೆ. ಡಬ್ಬಿಯ ಮೇಲೆ 100 ಎಂದು ಬರೆದಿದ್ದರೂ ಒಳಗಿನ ಟ್ವೀಟರ್ ನಿರಂತರವಾಗಿ ತಡೆಯುವುದು ಕೆಲವೇ ವ್ಯಾಟ್. ಬಾಸ್ ಗುಂಡಿಯನ್ನು 10 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ ಹತ್ತು ಪಟ್ಟು ಶಕ್ತಿ ಬೇಕಾಗುತ್ತದೆ. ಮೂರು ವ್ಯಾಟ್‌ನಲ್ಲಿ ಹಾಡುತ್ತಿದ್ದ ಆಂಪ್ ಅಲ್ಲೇ ಮೂವತ್ತಕ್ಕೆ ಮುಟ್ಟಿತು.

ಯಾವುದು ಹೋಗಿದೆ ಎಂದು ಪತ್ತೆ ಹಚ್ಚುವುದು

ವೂಫರನ್ನು (ಬಾಸ್ ನುಡಿಸುವ ದೊಡ್ಡ ಸ್ಪೀಕರನ್ನು) ಡಬ್ಬಿಯಿಂದ ಹೊರತೆಗೆದು ಒಂದು ವೈರ್ ಬಿಚ್ಚಿ ಓಮ್ ಅಳೆಯಿರಿ. 8 ಓಮ್ ಎಂದು ಬರೆದ ಸ್ಪೀಕರ್ ಮೀಟರ್‌ನಲ್ಲಿ 5.5ರಿಂದ 7, 4 ಓಮ್‌ನದು 3ರಿಂದ 3.6 ತೋರಿಸುತ್ತದೆ. ಅದು ಸರಿಯೇ. ಮೀಟರ್ ಅಳೆಯುವುದು ತಾಮ್ರದ ಪ್ರತಿರೋಧವನ್ನು ಮಾತ್ರ. ನಮ್ಮ ಊರಿನದೇ ಒಂದು ಎಚ್ಚರ: ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.39 ಏರುತ್ತದೆ. ಜನವರಿ ಬೆಳಿಗ್ಗೆ 6.0 ಇದ್ದ ಕಾಯಿಲ್ ಮೇ ತಿಂಗಳ 43 ಡಿಗ್ರಿ ಮಧ್ಯಾಹ್ನ 6.5-6.6 ತೋರಿಸಿದರೆ ಗಾಬರಿ ಬೇಡ. ಎಡ-ಬಲ ಎರಡನ್ನೂ ಒಂದೇ ಹೊತ್ತಿನಲ್ಲಿ ಅಳೆದು ಹೋಲಿಸಿ.

ಮೀಟರ್ ಏನೂ ತೋರಿಸದಿದ್ದರೆ ಕೂಡಲೇ ಕಾಯಿಲ್ ಹೋಯಿತು ಎನ್ನಬೇಡಿ. ಟರ್ಮಿನಲ್‌ನಿಂದ ಕೋನ್‌ಗೆ ಹೋಗುವ ಹೆಣಿಗೆ ತಂತಿಯನ್ನು ಮೆಲ್ಲಗೆ ಅಲುಗಾಡಿಸುತ್ತ ಮೀಟರ್ ನೋಡಿ. ಕೋನ್‌ನ ಮೇಲೆ ಬೆಸುಗೆ ಇರುವ ಚುಕ್ಕೆಗೆ ನೇರವಾಗಿ ಪ್ರೋಬ್ ಹಚ್ಚಿದಾಗ ಓಮ್ ಬಂದರೆ ಕಾಯಿಲ್ ಜೀವಂತ, ಸತ್ತದ್ದು ತಂತಿ. ಹಳೆಯದಷ್ಟೇ ಉದ್ದದ, ನೂಲಿನ ಮೇಲೆ ತಾಮ್ರ ಸುತ್ತಿದ ಸ್ಪೀಕರ್ ತಂತಿಯನ್ನೇ ಹಾಕಿ. ಮನೆಯ ವೈರಿಂಗ್‌ನ ಎಳೆ ಬೆಸೆದರೆ ಕೆಲವು ವಾರ ಕುಣಿದು ಮತ್ತೆ ಮುರಿಯುತ್ತದೆ.

ಮುಂದೆ 1.5 ವೋಲ್ಟ್ ಪೆನ್ಸಿಲ್ ಸೆಲ್‌ನಿಂದ ವೂಫರ್ ಟರ್ಮಿನಲ್ ಮುಟ್ಟಿಸಿ ತೆಗೆಯಿರಿ. ಪ್ಲಸ್ ಪ್ಲಸ್‌ಗೆ ಇದ್ದರೆ ಕೋನ್ ಹೊರಕ್ಕೆ ಹಾರಬೇಕು. ಯಾವ ಕಡೆ ಹಾರಿತು ಎಂದು ಗುರುತು ಹಾಕಿಕೊಳ್ಳಿ, ಜೋಡಿಸುವಾಗ ಬೇಕು. 9 ವೋಲ್ಟ್ ಬ್ಯಾಟರಿ ಬಳಸಬೇಡಿ, ಟ್ವೀಟರ್‌ಗಂತೂ ಸೆಲ್ ಹಚ್ಚಲೇಬೇಡಿ.

ಕೊನೆಯದು ಕೈ ಪರೀಕ್ಷೆ. ಎರಡೂ ಕೈಯ ಬೆರಳುಗಳನ್ನು ಕೋನ್‌ನ ಎದುರು-ಬದುರು ಇಟ್ಟು, ಸಮನಾಗಿ 3-4 ಮಿ.ಮೀ. ಒಳಕ್ಕೆ ಒತ್ತಿ ಬಿಡಿ. ಸದ್ದಿಲ್ಲದೆ ಆಡಿದರೆ ಕಾಯಿಲ್ ನಡುವಿನಲ್ಲಿದೆ. ಗರಗರ ಎಂದರೆ ಮೂರು ಸಾಧ್ಯತೆ: ಫೋಮ್ ಬಿಟ್ಟು ಕೋನ್ ವಾಲಿದೆ, ಗ್ಯಾಪ್‌ನಲ್ಲಿ (ಕಾಯಿಲ್ ಆಡುವ ಮ್ಯಾಗ್ನೆಟ್‌ನ ಸಂದಿನಲ್ಲಿ) ಧೂಳು ಸೇರಿದೆ, ಇಲ್ಲವೇ ಕಾಯಿಲ್ ಬಿಸಿಗೆ ಉಬ್ಬಿದೆ. ಬರೀ ಫೋಮ್ ಹೋಗಿದ್ದರೆ ಅಂಚನ್ನು ಬೆರಳಿನಿಂದ ನಡುವಿಗೆ ತಂದು ಒತ್ತಿದಾಗ ಸದ್ದು ನಿಲ್ಲುತ್ತದೆ. ಹೇಗೆ ಒತ್ತಿದರೂ ಉಜ್ಜಿದರೆ, ಸುಟ್ಟ ವಾರ್ನಿಶ್ ವಾಸನೆಯೂ ಇದ್ದರೆ, ಕಾಯಿಲ್ ಕೆಲಸ.

ಫೋಮ್ ಬದಲಿಸುವುದು

ಅಂಚಿನ ಫೋಮ್ ಪಾಲಿಯುರೆಥೇನ್. ಮಳೆಗಾಲದ ತೇವ, ಬೇಸಿಗೆಯ ಕಾವು, ಕಿಟಕಿಯ ಬಿಸಿಲು ಮೂರೂ ಸೇರಿ ಅದನ್ನು ಒಳಗಿನಿಂದಲೇ ಮುರಿಯುತ್ತವೆ. ಹಾಡಿಸದೆ ಇಟ್ಟ ಸ್ಪೀಕರ್‌ನದೂ ಉಳಿಯುವುದಿಲ್ಲ. ಹತ್ತು-ಹದಿನೈದು ವರ್ಷ ದಾಟಿದ ಫೋಮ್ ಬೆರಳು ತಾಗಿದರೆ ಅಂಟು ಪುಡಿಯಾಗುತ್ತದೆ. ಒಂದು ಹೋಗಿದ್ದರೆ ಇನ್ನೊಂದೂ ದಾರಿಯಲ್ಲಿದೆ, ಜೋಡಿಯನ್ನೇ ಬದಲಿಸಿ.

ಹೊಸ ಫೋಮ್ ತರುವ ಮುನ್ನ ನಾಲ್ಕು ಅಳತೆ ಬೇಕು: ಫ್ರೇಮ್ ಮೇಲೆ ಅಂಟುವ ಹೊರ ಅಂಚಿನ ವ್ಯಾಸ, ಉಬ್ಬಿನ ಹೊರ ವ್ಯಾಸ, ಉಬ್ಬಿನ ಒಳ ವ್ಯಾಸ, ಕೋನ್‌ನ ವ್ಯಾಸ. "8 ಇಂಚಿನದು ಕೊಡಿ" ಎಂದರೆ ಅಂಗಡಿಯವ ಕೊಡುವುದು ಹೊಂದದೇ ಹೋಗಬಹುದು. ಒಳ ತುಟಿ ಚಪ್ಪಟೆಯೋ ಓರೆಯೋ, ಹಳೆಯದು ಕೋನ್‌ನ ಮುಂದೆ ಅಂಟಿತ್ತೋ ಹಿಂದೆಯೋ ಎನ್ನುವುದನ್ನೂ ಬರೆದುಕೊಳ್ಳಿ, ಒಂದು ಫೋಟೋ ತೆಗೆದಿಡಿ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪ್ರದೇಶದ ಸುತ್ತಿನ ರಿಪೇರಿ ಅಂಗಡಿಗಳಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಟಿ ಬಜಾರ ಬೆಂಗಳೂರಿನ ಎಸ್.ಪಿ. ರಸ್ತೆಗಿಂತ ನಮಗೆ ಬಹಳ ಹತ್ತಿರ. ಬೀದರಿನವರಿಗೆ ಇನ್ನೂ ಹತ್ತಿರ.

ರಬ್ಬರ್ ಅಂಚು ಹೆಚ್ಚು ಬಾಳುತ್ತದೆ ನಿಜ. ಆದರೆ ಫೋಮ್‌ಗೆಂದು ಮಾಡಿದ ಕೋನ್‌ಗೆ ರಬ್ಬರ್ ಹಾಕಿದರೆ ತೂಕ ಏರಿ ಅನುರಣನದ ಕಂಪನಾಂಕ (ಕೋನ್ ತಾನಾಗಿ ಆಡುವ ವೇಗ) ಇಳಿಯುತ್ತದೆ, ಸದ್ದೂ ತಗ್ಗುತ್ತದೆ. ಮೂಲದಲ್ಲಿ ಫೋಮ್ ಇದ್ದರೆ ಫೋಮ್ ಹಾಕುವುದೇ ಲೇಸು.

ಹಳೆಯದನ್ನು ಕೀಳುವುದೇ ಅರ್ಧ ಕೆಲಸ. ಸುತ್ತಲಿನ ಗ್ಯಾಸ್ಕೆಟ್ ಬಳೆಯನ್ನು ತೆಳು ಚಾಕುವಿನಿಂದ ಎಬ್ಬಿಸಿ, ಮತ್ತೆ ಬಳಸಬೇಕು. ಫ್ರೇಮ್ ಮೇಲಿನ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ ಕೆರೆಯಿರಿ. ಲೋಹದ ಫ್ರೇಮ್‌ಗೆ ಅಸಿಟೋನ್ ನಡೆಯುತ್ತದೆ, ಪ್ಲಾಸ್ಟಿಕ್ ಫ್ರೇಮ್ ಅದರಲ್ಲಿ ಕರಗುತ್ತದೆ. ಕಾಗದದ ಕೋನ್ ಇದ್ದರೆ ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿದ ಹತ್ತಿ ಸಾಕು, ಸುರಿಯಬೇಡಿ. ಈ ಹಂತದಲ್ಲಿ ಸ್ಪೀಕರನ್ನು ಮುಖ ಕೆಳಗೆ ಹಿಡಿದೇ ಕೆರೆಯಿರಿ. ಪುಡಿ ಸ್ಪೈಡರ್ (ಕೋನ್‌ನ ಬುಡವನ್ನು ಹಿಡಿಯುವ ಸುಕ್ಕು ಬಟ್ಟೆ) ದಾಟಿ ಗ್ಯಾಪ್‌ಗೆ ಇಳಿದರೆ ಇಲ್ಲದ ಗರಗರ ನೀವೇ ತಂದಿಟ್ಟಂತೆ.

ನಂತರ ಕೋನನ್ನು ನಡುವಿಗೆ ತರಬೇಕು. ಎರಡು ವಿಧಾನಗಳಿವೆ. ಖಾತ್ರಿಯ ವಿಧಾನದಲ್ಲಿ ಡಸ್ಟ್ ಕ್ಯಾಪನ್ನು (ಕೋನ್‌ನ ನಡುವಿನ ಮುಚ್ಚಳವನ್ನು) ಬ್ಲೇಡ್‌ನಿಂದ ಸುತ್ತಲೂ ಕತ್ತರಿಸಿ ಎತ್ತಿ, ಕಾಯಿಲ್ ಮತ್ತು ನಡುವಿನ ಕಂಬದ ಮಧ್ಯೆ 7 ಮಿ.ಮೀ. ಅಗಲದ ಪಟ್ಟಿಗಳನ್ನು ನಾಲ್ಕು ಕಡೆ ಸಮದೂರದಲ್ಲಿ ಇಳಿಬಿಡುವುದು. ಮನೆಯ ಹಳೆಯ ಎಕ್ಸ್-ರೇ ಹಾಳೆ ಇದಕ್ಕೆ ಒಳ್ಳೆಯದು, ಸುಮಾರು 0.2 ಮಿ.ಮೀ. ದಪ್ಪ ಇರುತ್ತದೆ. ಅದು ಬಿಗಿಯಾದರೆ ಹಳೆಯ ಫೋಟೋ ನೆಗೆಟಿವ್. ಪಟ್ಟಿ ಕೈಯಿಂದ ಜಾರಿ ಇಳಿಯಬೇಕು, ತುರುಕಿದರೆ ಕಾಯಿಲ್ ಉಬ್ಬುತ್ತದೆ. ಎರಡನೆಯದು ಡಸ್ಟ್ ಕ್ಯಾಪ್ ತೆಗೆಯದೆ, ಅಂಟು ಹಸಿ ಇರುವಾಗಲೇ ಆಂಪ್‌ಗೆ ಜೋಡಿಸಿದ ಫೋನಿನಿಂದ 30 ಹರ್ಟ್ಜ್ ಸ್ವರ ಸಣ್ಣಗೆ ಹಚ್ಚಿ, ಸದ್ದು ಶುದ್ಧವಾಗುವವರೆಗೆ ಅಂಚನ್ನು ಸರಿಸುವುದು. ಸ್ಪೈಡರ್ ಗಟ್ಟಿಯಾಗಿದ್ದರೆ ಇದು ಚೆನ್ನಾಗಿ ನಡೆಯುತ್ತದೆ. ಸ್ಪೈಡರ್ ಜೋತುಬಿದ್ದ ಹಳೆಯ ವೂಫರ್‌ಗೆ ಪಟ್ಟಿಯೇ ಸರಿ.

ಅಂಟಿನ ವಿಷಯದಲ್ಲಿ ಬಿಸಿಲಿನ ಲೆಕ್ಕ ಬೇರೆ. ಕಾಗದದ ಕೋನ್‌ಗೆ ಬಿಳಿ ಪಿವಿಎ ಅಂಟು ಉತ್ತಮ, ಏಕೆಂದರೆ ನಿಧಾನ ಹಿಡಿಯುವುದರಿಂದ ಸರಿಸಲು ಸಮಯ ಸಿಗುತ್ತದೆ. ಆದರೆ 42 ಡಿಗ್ರಿಯಲ್ಲಿ, ಫ್ಯಾನ್ ಕೆಳಗೆ, ಸವರುವಷ್ಟರಲ್ಲೇ ಅದರ ಮೇಲೆ ಕೆನೆ ಕಟ್ಟುತ್ತದೆ. ಬೇಸಿಗೆಯಲ್ಲಿ ಈ ಕೆಲಸ ಬೆಳಿಗ್ಗೆ ಎಂಟರೊಳಗೆ, ಫ್ಯಾನ್ ಆರಿಸಿ ಮಾಡಿ. ಪಾಲಿಪ್ರೊಪಿಲೀನ್ ಕೋನ್‌ಗೆ ಪಿವಿಎ ಅಂಟುವುದೇ ಇಲ್ಲ. 320 ನಂಬರಿನ ಮರಳು ಕಾಗದದಿಂದ ಅಂಚು ಒರಟು ಮಾಡಿ ರಬ್ಬರ್ ಆಧಾರಿತ ಕಾಂಟ್ಯಾಕ್ಟ್ ಅಂಟು ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಕೂಡಿಸಿ. ಅದು ಒಮ್ಮೆ ತಾಗಿದರೆ ಸರಿಸಲಾಗದು. ಫೆವಿಕ್ವಿಕ್ ಜಾತಿಯ ಅಂಟು ಬೇಡವೇ ಬೇಡ: ಗಾಜಿನಂತೆ ಗಡಸಾಗಿ ಫೋಮನ್ನು ಅದೇ ಗೆರೆಯಲ್ಲಿ ಸೀಳುತ್ತದೆ.

ಮೊದಲು ಒಳ ತುಟಿಯನ್ನು ಕೋನ್‌ಗೆ ಮಾತ್ರ ಅಂಟಿಸಿ, ಸುತ್ತಲೂ ಬೆರಳಿನಿಂದ ಒತ್ತಿ ಒಂದು ರಾತ್ರಿ ಬಿಡಿ. ಮರುದಿನ ಹೊರ ತುಟಿಯನ್ನು ಫ್ರೇಮ್‌ಗೆ ಅಂಟಿಸಿ, ಎದುರು-ಬದುರಾಗಿ ಹತ್ತು-ಹನ್ನೆರಡು ಬಟ್ಟೆ ಕ್ಲಿಪ್ ಹಾಕಿ. 24 ತಾಸು ಮುಟ್ಟಬೇಡಿ. ಬೇಗ ಒಣಗಲೆಂದು ಮಾಳಿಗೆ ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಕೋನ್ ಸೊಟ್ಟಗಾಗುತ್ತದೆ. ಪಟ್ಟಿ ತೆಗೆದು, ಕೈ ಪರೀಕ್ಷೆ ಮಾಡಿ, 20ರಿಂದ 200 ಹರ್ಟ್ಜ್‌ವರೆಗೆ ಸ್ವರ ಏರಿಸುತ್ತ ಕೇಳಿ. ಸರಿ ಎನಿಸಿದ ಮೇಲೆಯೇ ಡಸ್ಟ್ ಕ್ಯಾಪ್ ಅಂಟಿಸಿ. ಆತುರದಲ್ಲಿ ಮೊದಲೇ ಅಂಟಿಸಿದವರು ಎರಡನೇ ಸಲ ಕತ್ತರಿಸುತ್ತಾರೆ.

ಕೋನ್‌ನ ಕಾಗದ ಹರಿದಿದ್ದರೆ ಎರಡೂ ಬದಿಗೆ ಟಿಶ್ಯೂ ಕಾಗದವನ್ನು, ಸಮ ನೀರು ಬೆರೆಸಿದ ಪಿವಿಎಯಲ್ಲಿ ಹಚ್ಚಿದರೆ ಸಾಕು. ಮಕ್ಕಳು ಬೆರಳಿನಿಂದ ಒಳಕ್ಕೆ ಒತ್ತಿದ ಡಸ್ಟ್ ಕ್ಯಾಪ್ ಸೆಲೊಟೇಪ್ ಅಂಟಿಸಿ ಎಳೆದರೆ ಹೊರಬರುತ್ತದೆ.

ಕಾಯಿಲ್ ನಿಜವಾಗಿಯೂ ಸುಟ್ಟಿದ್ದರೆ

ಇಲ್ಲಿ ಸ್ವಲ್ಪ ನಿಷ್ಠುರ ಮಾತು. ಊರಿನ ಡಿಜೆ, ಟೆಂಟ್ ಹೌಸ್ ಸ್ಪೀಕರ್ ಕಟ್ಟುವವರ ಕೈ ಚುರುಕು, ಆದರೆ ಅವರ ಬಳಿ ಇರುವ ಕೋನ್ ಜಾತ್ರೆಯ ಮೈಕಿನದು: ಗಡಸು ಕಾಗದ, ಮಡಿಕೆ ಬಟ್ಟೆಯ ಅಂಚು. ಅದನ್ನು ಮನೆಯ ಹೈ-ಫೈ ಫ್ರೇಮ್‌ಗೆ ಕೂರಿಸಿದರೆ ಸದ್ದು ಜೋರಾಗುತ್ತದೆ, ಬಾಸ್ ಮಾಯವಾಗುತ್ತದೆ. ಅವರಿಂದ ಕಾಯಿಲ್ ಮಾತ್ರ ಕಟ್ಟಿಸಿ, ನಿಮ್ಮ ಕೋನನ್ನೇ ಉಳಿಸಿ ಎಂದು ಮೊದಲೇ ಹೇಳಿ. ಶರಣಬಸವೇಶ್ವರ ಜಾತ್ರೆ, ಗಣೇಶ ಚೌತಿ ಹತ್ತಿರ ಇರುವಾಗ ಹೋಗಬೇಡಿ, ಅವರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ.

ಸಿದ್ಧ ಕಾಯಿಲ್ ತರುವುದಾದರೆ ಒಳ ವ್ಯಾಸ, ಸುತ್ತಿನ ಎತ್ತರ, ಒಟ್ಟು ಎತ್ತರ, ಓಮ್ ನಾಲ್ಕೂ ಹೊಂದಬೇಕು. ವ್ಯಾಸವನ್ನು ವರ್ನಿಯರ್‌ನಿಂದ ಅಳೆಯಿರಿ, ಅರ್ಧ ಮಿಲಿಮೀಟರ್ ತಪ್ಪಿದರೆ ಗ್ಯಾಪ್‌ನಲ್ಲಿ ಇಳಿಯುವುದಿಲ್ಲ. ಸುತ್ತಿಸುವುದಾದರೆ ಲೆಕ್ಕ ಹೀಗೆ. ಒಳ ವ್ಯಾಸ 25.5 ಮಿ.ಮೀ., ಬೇಕಾದದ್ದು 6 ಓಮ್ ಎಂದುಕೊಳ್ಳಿ. 36 ಗೇಜ್ ತಂತಿಯ ದಪ್ಪ 0.193 ಮಿ.ಮೀ., ಪ್ರತಿ ಮೀಟರ್‌ಗೆ ಸುಮಾರು 0.59 ಓಮ್. ಹಾಗಾಗಿ 10.2 ಮೀಟರ್ ಬೇಕು. ಒಂದು ಸುತ್ತಿಗೆ ಸರಾಸರಿ 82 ಮಿ.ಮೀ. ಹೋಗುವುದರಿಂದ ಸುಮಾರು 124 ಸುತ್ತು, ಎರಡು ಪದರದಲ್ಲಿ ತಲಾ 62. ಇನಾಮಲ್ ಸೇರಿ ಸುತ್ತಿನ ಎತ್ತರ 13.5 ಮಿ.ಮೀ. ಆಸುಪಾಸು ಬರುತ್ತದೆ. ಹಳೆಯ ಕಾಯಿಲ್‌ನ ಎತ್ತರ ಇದಕ್ಕೆ ಹೊಂದದಿದ್ದರೆ ಗೇಜ್ ಬದಲಿಸಬೇಕು. ಎರಡೇ ಪದರ ಏಕೆಂದರೆ ತಂತಿಯ ಎರಡೂ ತುದಿ ಮೇಲಿನ ಕಡೆಯೇ ಬರಬೇಕು.

ಇಷ್ಟು ಸಣ್ಣ ತಂತಿ ಪಂಪ್‌ಸೆಟ್ ಮೋಟಾರ್ ಕಟ್ಟುವವರಲ್ಲಿ ಸಿಗುವುದಿಲ್ಲ, ಸೀಲಿಂಗ್ ಫ್ಯಾನ್ ಕಟ್ಟುವವರಲ್ಲಿ ಸಿಗುತ್ತದೆ. ಇನಾಮಲ್ 155 ಅಥವಾ 180 ಡಿಗ್ರಿ ದರ್ಜೆಯದು ಕೇಳಿ. ಸುತ್ತುವಾಗಲೇ ತೆಳ್ಳಗೆ ಸವರುವ ಅಂಟು ನಿಧಾನ ಗಟ್ಟಿಯಾಗುವ, ಬಿಸಿ ತಡೆಯುವ ಎಪಾಕ್ಸಿ ಇರಲಿ. ಐದು ನಿಮಿಷದ ಎಪಾಕ್ಸಿ ಕಾಯಿಲ್ ಬಿಸಿಗೆ ಮೆತ್ತಗಾಗಿ ಸುತ್ತು ಜಾರುತ್ತದೆ.

ಕಾಯಿಲ್‌ನ ಎತ್ತರ ಕೂರಿಸುವಲ್ಲಿ ಹೆಚ್ಚಿನವರು ಎಡವುತ್ತಾರೆ. ಮ್ಯಾಗ್ನೆಟ್‌ನ ಮೇಲಿನ ಉಕ್ಕಿನ ತಟ್ಟೆ 6 ಮಿ.ಮೀ. ದಪ್ಪ, ಸುತ್ತು 13.5 ಮಿ.ಮೀ. ಇದ್ದರೆ ತಟ್ಟೆಯ ಮೇಲೆ ಕೆಳಗೆ ತಲಾ 3.75 ಮಿ.ಮೀ. ಚಾಚಿರಬೇಕು. ಒಂದು ಕಡೆ ಹೆಚ್ಚಾದರೆ ಕೋನ್ ಒಂದೇ ದಿಕ್ಕಿಗೆ ಬೇಗ ಮುಗ್ಗರಿಸಿ ಬಾಸ್ ಒಡೆಯುತ್ತದೆ. ಕೂರಿಸುವ ಮುನ್ನ ಮಡಿಸಿದ ಮಾಸ್ಕಿಂಗ್ ಟೇಪ್ ಗ್ಯಾಪ್‌ನಲ್ಲಿ ಸುತ್ತಲೂ ಆಡಿಸಿ, ಟೇಪ್ ಸ್ವಚ್ಛ ಬರುವವರೆಗೆ. ವಾಡಿ, ಸೇಡಂ, ಶಹಾಬಾದ ಕಡೆಯ ಮನೆಗಳ ಸ್ಪೀಕರ್‌ನಲ್ಲಿ ಸಿಮೆಂಟ್ ಧೂಳು ಸಾಕಷ್ಟು ಬರುತ್ತದೆ. ಊದಬೇಡಿ, ಊದಿದ್ದು ಒಳಗೇ ಹೋಗುತ್ತದೆ.

ಟ್ವೀಟರ್

ಓಮ್ ಬರದ ಟ್ವೀಟರ್ ರಿಪೇರಿಗಿಂತ ಬದಲಿಸುವುದೇ ಜಾಣತನ. ಅದೇ ಮಾದರಿಯ ಡಯಾಫ್ರಾಮ್ ಸಿಕ್ಕರೆ ಅದನ್ನಷ್ಟೇ ಹಾಕಿ. ಓಮ್ ಬಂದು ಸದ್ದು ಮಂಕಾಗಿದ್ದರೆ ಗ್ಯಾಪ್‌ನಲ್ಲಿರುವ ಫೆರೊಫ್ಲುಯಿಡ್ (ಕಾಯಿಲನ್ನು ತಂಪಿಡುವ ಮ್ಯಾಗ್ನೆಟ್ ದ್ರವ) ಒಣಗಿ ಮೇಣವಾಗಿರಬಹುದು. ಬ್ಲಾಟಿಂಗ್ ಕಾಗದದ ಪಟ್ಟಿಯಿಂದ ಪೂರ್ತಿ ಹೀರಿ ತೆಗೆದು, ಟ್ವೀಟರ್ ತಯಾರಕರು ಹೇಳಿದಷ್ಟೇ ಹೊಸದನ್ನು ಹನಿ ಹನಿಯಾಗಿ ಹಾಕಿ. ಹೆಚ್ಚಾದರೆ ಡಯಾಫ್ರಾಮ್‌ಗೆ ಚಿಮ್ಮುತ್ತದೆ.

ಬೇರೆ ಕಂಪನಿಯ ಟ್ವೀಟರ್ ಹಾಕಿದಾಗ ಅದು ಜೋರಾಗಿ ಚುಚ್ಚುವುದು ಸಾಮಾನ್ಯ. ವೂಫರ್‌ನ ಸಂವೇದನೆ (ಒಂದೇ ಶಕ್ತಿಗೆ ಎಷ್ಟು ಸದ್ದು ಎಂಬ ಅಳತೆ) 88 ಡೆಸಿಬೆಲ್, ಟ್ವೀಟರ್‌ನದು 91 ಇದ್ದರೆ 3 ಡೆಸಿಬೆಲ್ ತಗ್ಗಿಸಬೇಕು. 8 ಓಮ್ ಟ್ವೀಟರ್‌ಗೆ ಸರಣಿಯಲ್ಲಿ 2.2 ಓಮ್, ಅದರ ನಂತರ ಟ್ವೀಟರ್‌ಗೆ ಸಮಾಂತರವಾಗಿ 22 ಓಮ್, ಎರಡೂ 5 ವ್ಯಾಟ್ ವೈರ್‌ವೂಂಡ್ ರೆಸಿಸ್ಟರ್. ಬರೀ ಸರಣಿ ರೆಸಿಸ್ಟರ್ ಹಾಕಿದರೆ ಕ್ರಾಸೋವರ್ ಕಾಣುವ ಓಮ್ ಬದಲಾಗಿ ಕತ್ತರಿಸುವ ಜಾಗವೇ ಸರಿದುಬಿಡುತ್ತದೆ.

ಕ್ರಾಸೋವರ್ ಮತ್ತು ಡಬ್ಬಿ: ನಿಜವಾದ ಅಪ್‌ಗ್ರೇಡ್ ಇಲ್ಲಿದೆ

ಹಳೆಯ ಡಬ್ಬಿಯ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಒಣಗಿದ್ದರೆ ಒಳಗಿನ ಪ್ರತಿರೋಧ ಏರಿ ಟ್ವೀಟರ್ ಸದ್ದು ತಗ್ಗಿರುತ್ತದೆ. ಅದೇ ಮೌಲ್ಯದ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್, 100 ವೋಲ್ಟ್ ಅಥವಾ ಮೇಲಿನದು ಹಾಕಿ. 8 ಓಮ್ ಟ್ವೀಟರ್‌ಗೆ ಒಂಟಿ 4.7 ಮೈಕ್ರೊಫ್ಯಾರಡ್ ಸುಮಾರು 4,200 ಹರ್ಟ್ಜ್‌ಗಿಂತ ಕೆಳಗಿನ ಸ್ವರ ಕತ್ತರಿಸುತ್ತದೆ, 3.3 ಆದರೆ 6,000ಕ್ಕಿಂತ, 10 ಆದರೆ 2,000ಕ್ಕಿಂತ ಕೆಳಗಿನದನ್ನು. "ದೊಡ್ಡದು ಹಾಕಿದರೆ ಸದ್ದು ಚೆನ್ನ" ಎಂದು 10 ಹಾಕುವುದು ಟ್ವೀಟರ್ ಸುಡಿಸುವ ಅತಿ ಸುಲಭ ಮಾರ್ಗ. ಟಿವಿ ಪವರ್ ಸಪ್ಲೈನ ಪ್ಲಸ್-ಮೈನಸ್ ಗುರುತಿರುವ ಕೆಪಾಸಿಟರ್ ಇಲ್ಲಿ ಹಾಕಬಾರದು. ಎರಡು ಇಂಡಕ್ಟರ್ (ಕ್ರಾಸೋವರ್‌ನ ತಂತಿ ಸುರುಳಿ) ಇದ್ದರೆ ಒಂದಕ್ಕೊಂದು ಅಡ್ಡಲಾಗಿ, ದೂರ ಕೂರಿಸಿ.

ಡಬ್ಬಿಯೊಳಗೆ ತುಂಬಲು ನಮ್ಮ ಹೊಲದ ಹತ್ತಿ ಧಾರಾಳ ಸಿಗುತ್ತದೆ, ಯಾದಗಿರಿ ಕಡೆಯಂತೂ ಕೇಳುವುದೇ ಬೇಡ. ಆದರೆ ಹತ್ತಿ ತೇವ ಹಿಡಿದು ಕುಸಿಯುತ್ತದೆ, ಹುಳು ಸೇರುತ್ತದೆ. ದಿಂಬಿಗೆ ಹಾಕುವ ಪಾಲಿಯೆಸ್ಟರ್ ನಾರು ಹಾಕಿ, ಹಿಂದೆ ಮತ್ತು ಪಕ್ಕದ ಗೋಡೆಗೆ ಸಡಿಲವಾಗಿ, ಪೋರ್ಟ್‌ನ (ಡಬ್ಬಿಯ ಗಾಳಿ ತೂತಿನ) ಬಾಯಿ ಬಿಟ್ಟು. ಸ್ಕ್ರೂ ತೂತು ಸಡಿಲವಾಗಿದ್ದರೆ ಬೆಂಕಿಕಡ್ಡಿ ಮತ್ತು ಮರದ ಅಂಟು ತುಂಬಿ ಒಣಗಿಸಿ ಮತ್ತೆ ಬಿಗಿ ಮಾಡಿ. ಫ್ರೇಮ್ ಕೆಳಗೆ 3 ಮಿ.ಮೀ. ಫೋಮ್ ಪಟ್ಟಿ ಹಾಕದಿದ್ದರೆ ಗಾಳಿ ಸೋರಿ ಬಾಸ್ ಹೋಗುತ್ತದೆ. ಪೋರ್ಟ್ ಇರುವ ಡಬ್ಬಿಗೆ ಒಳಗಿನಿಂದ 6 ಮಿ.ಮೀ. ಕಣ್ಣಿನ ತಂತಿ ಜಾಲರಿ ಹೊಡೆಯಿರಿ. ಇಲಿಗೆ ಕಾಗದದ ಕೋನ್ ಬಹಳ ಇಷ್ಟ.

ಹೊಸ ವೂಫರ್ ಕೊಳ್ಳುವಾಗ ವ್ಯಾಟ್ ನೋಡಿ ಮರುಳಾಗಬೇಡಿ. ಅನುರಣನದ ಕಂಪನಾಂಕ (Fs), ಒಟ್ಟು ಕ್ಯೂ (Qts), ಸಮಾನ ಗಾಳಿ ಗಾತ್ರ (Vas), ಸಂವೇದನೆ ಹಳೆಯದಕ್ಕೆ ಹತ್ತಿರ ಇರಬೇಕು. ಹಳೆಯದರ ಅಂಕಿ ಸಿಗದಿದ್ದರೆ ಹೊಸ ವೂಫರ್‌ಗಿಂತ ಹಳೆಯದರ ರಿಪೇರಿಯೇ ವಾಸಿ.

ಇಷ್ಟಾದ ಮೇಲೂ ಸದ್ದು ಕರ್ಕಶ ಎನಿಸಿದರೆ ಸ್ಪೀಕರ್ ಬಿಟ್ಟು ಕೋಣೆ ನೋಡಿ. ಶಹಾಬಾದ ಕಲ್ಲಿನ ನೆಲ, ಬೋಳು ಗೋಡೆ ಇರುವಲ್ಲಿ ಮೇಲಿನ ಸ್ವರ ಪುಟಿದು ಕಿವಿಗೆ ಎರಡು ಸಲ ಬೀಳುತ್ತದೆ. ಸ್ಪೀಕರ್ ಮುಂದಿನ ನೆಲಕ್ಕೆ ದಪ್ಪ ಜಮಖಾನ, ಕೇಳುವವರ ಹಿಂದಿನ ಗೋಡೆಗೆ ಒಂದು ಕೌದಿ ತೂಗುಹಾಕಿ. ದುಬಾರಿ ಕೇಬಲ್ ಬದಲಿಸುವುದಕ್ಕಿಂತ ಇದರ ಫಲ ಕಣ್ಣಿಗೆ ಕಟ್ಟುವಷ್ಟಿದೆ.

ಮರುಜೋಡಣೆ, ಕಾವಲು

ಸೆಲ್ ಪರೀಕ್ಷೆಯಲ್ಲಿ ಹಾಕಿದ ಗುರುತಿನಂತೆ ಪ್ಲಸ್-ಮೈನಸ್ ಜೋಡಿಸಿ. ಎಡ-ಬಲದಲ್ಲಿ ಒಂದು ತಿರುಗಿದ್ದರೆ ಬಾಸ್ ಒಂದನ್ನೊಂದು ನುಂಗಿಕೊಳ್ಳುತ್ತದೆ. ಅನುಮಾನವಿದ್ದರೆ ಎರಡು ಡಬ್ಬಿಗಳನ್ನು ಮುಖಾಮುಖಿ ಹತ್ತಿರ ಇಟ್ಟು ಕೇಳಿ, ಒಂದರ ವೈರ್ ತಿರುಗಿಸಿದಾಗ ಬಾಸ್ ಹೆಚ್ಚಾದರೆ ಅದೇ ಸರಿ.

ಟ್ವೀಟರ್ ಸರಣಿಯಲ್ಲಿ 1 ಆಂಪಿಯರ್‌ನ ಫಾಸ್ಟ್ ಫ್ಯೂಸ್, 50 ವ್ಯಾಟ್‌ನ 8 ಓಮ್ ಡಬ್ಬಿಗೆ ಒಟ್ಟಾರೆ 2 ಆಂಪಿಯರ್ ಫಾಸ್ಟ್ ಫ್ಯೂಸ್ ಹಾಕಿ. ಕರೆಂಟ್ ಹೋಗಿ ಬಂದಾಗ ಆಂಪ್ "ಧಡ್" ಎನ್ನುತ್ತಿದ್ದರೆ, ಮೂರು ಸೆಕೆಂಡ್ ತಡವಾಗಿ ಸ್ಪೀಕರ್ ಕೂಡಿಸುವ, ಡಿಸಿ ಬಂದರೆ ಬಿಡಿಸುವ ರಿಲೇ ಬೋರ್ಡ್ ಸಿಗುತ್ತದೆ. ಅದಕ್ಕೆ ಕೊಡುವ ಹಣ ಒಂದು ವೂಫರ್‌ನ ಬೆಲೆಯ ಮುಂದೆ ಏನೂ ಅಲ್ಲ. ಸ್ಪೀಕರನ್ನು ಪಡುವಣ ಕಿಟಕಿಯ ನೇರಕ್ಕೆ ಇಡಬೇಡಿ, ಹಾಡಿಸದಾಗ ಗ್ರಿಲ್ ಬಟ್ಟೆ ಹಾಕಿರಲಿ. ಹೊಸ ಫೋಮ್ ಹಾಕಿದ ಮೊದಲ ಕೆಲವು ತಾಸು ಬಾಸ್ ಗುಂಡಿ ನಡುವಿನಲ್ಲೇ ಇಟ್ಟು ಹಗುರ ಸದ್ದಿನಲ್ಲಿ ಹಾಡಿಸಿ, ಆಮೇಲೆ ಒಮ್ಮೆ ವೂಫರ್ ಸ್ಕ್ರೂಗಳನ್ನು ಎದುರು-ಬದುರಾಗಿ ಮತ್ತೆ ಬಿಗಿಗೊಳಿಸಿ.